ನಡುಗಡ್ಡೆಯ ಬೂದಿ ಗೆರೆ

ಗೊರೇಬಾಳದ ಕಾಲುವೆ ದಂಡೆಯ ಮೇಲೊಂದು ಜಾಲಿ ಗಿಡವಿತ್ತು. ಅದರ ತುದಿಗೊಂದು ಸೂರಕ್ಕಿ ಗೂಡು, ಹರಕು ಚೀಲದ ಹಾಗೆ ಜೋತುಬಿದ್ದಿತ್ತು. ಹಕ್ಕಿ ನೋಡಲು ಬಂದಿದ್ದ ಒಬ್ಬ ದೊಡ್ಡ ಮನುಷ್ಯರು ಬ್ಯಾಗಿನಿಂದ ಸಣ್ಣ ಕತ್ತರಿ ತೆಗೆದರು. ಗೂಡಿನ ಸುತ್ತಲಿನ ಕಡ್ಡಿ, ಎಲೆ ಎಲ್ಲವನ್ನೂ ಕ್ಷೌರ ಮಾಡಿದ ಹಾಗೆ ಕತ್ತರಿಸಿ ಹಾಕಿದರು. ಫೋಟೋಕ್ಕೆ ಅಡ್ಡ ಬರುತ್ತವಂತೆ. ನಾನು ಅವರ ನೀರಿನ ಬಾಟ್ಲಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಕೆಲಸಕ್ಕೆ ಸೇರಿ ಒಂದು ವಾರವೂ ಆಗಿರಲಿಲ್ಲ. ಈ ಕೆಲಸ ಹೀಗೇ ಇರುತ್ತದೇನೋ ಅಂದುಕೊಂಡೆ. ಮರುದಿನ ಬೇರೆ ಮಂದಿಯ ಜೊತೆ ಅದೇ ಗಿಡಕ್ಕೆ ಹೋದರೆ ಗೂಡು ಹರಿದು ನಾರಾಗಿತ್ತು, ಒಳಗೆ ಏನೂ ಇರಲಿಲ್ಲ. ಮುಚ್ಚಿಕೊಂಡಿದ್ದ ಮನೆಯ ಬಾಗಿಲು ತೆಗೆದಿಟ್ಟರೆ ಯಾರು ಬಂದು ಹೋದರೋ ಹೇಗೆ ಗೊತ್ತಾಗಬೇಕು? ಬಂದವರು ಮಾತ್ರ "ಮುಂದಿನ ಗಿಡಕ್ಕೆ ಹೋಗೋಣ ನಡೀರಿ" ಅಂದರು.

ನೇಚರ್ ಗೈಡ್ ಅಂತ ತರಬೇತಿ ತಗೊಂಡು ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕೇಳುತ್ತಾರೆ: "ಆಪಾ, ಎಷ್ಟು ಜಾತಿ ಹಕ್ಕಿ ಗುರುತು ಹಿಡೀತಿದ್ರಿ?" ಹಕ್ಕಿ ಗುರುತು ಪುಸ್ತಕದಲ್ಲಿದೆ, ಫೋನಿನಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದನ್ನು ಬರೆದಿಡೋಣ ಅಂತ ಕೂತಿದ್ದೇನೆ. ಕಿವಿ ಮಂದವಾಗಿ ಕೆಲಸ ಬಿಟ್ಟವಳು ನಾನು. ಕಣ್ಣಿಗೆ ಕನ್ನಡಕ ಬಂದರೂ ನಡೆಯುತ್ತದೆ, ಸಣ್ಣ ದನಿ ಕೇಳಿಸದ ಗೈಡ್ ಮಾತ್ರ ನಡೆಯುವುದಿಲ್ಲ. ಪಕ್ಕದ ಪೊದೆಯಲ್ಲಿ ಹಕ್ಕಿ ಕೂಗುತ್ತಿದ್ದರೆ ಬಂದವರೇ ನನಗೆ ಕೈ ಮಾಡಿ ತೋರಿಸುವಂತಾದ ದಿನ ದುರ್ಬೀನು ಒಪ್ಪಿಸಿ ಮನೆಗೆ ಬಂದೆ.

ಕೆಲಸಕ್ಕೆ ಸೇರಿದ್ದೂ ಗೈಡ್ ಆಗಿ ಅಲ್ಲ, ರೊಟ್ಟಿ ಮಾಡುವವಳಾಗಿ. ಸಿಂಧನೂರಿನ ತವರಿನಿಂದ ಲಿಂಗಸುಗೂರಿಗೆ ಸೊಸೆಯಾಗಿ ಬಂದವಳು ನಾನು. ಬಸ್ ಸ್ಟ್ಯಾಂಡ್ ಹಿಂದೆ ಬಸಣ್ಣ ಸಾವಕಾರರ ಟ್ರಾವೆಲ್ಸ್ ಆಫೀಸಿತ್ತು. ಮದುವೆಗೆ, ದರ್ಗಾಕ್ಕೆ, ಮಂತ್ರಾಲಯಕ್ಕೆ ಗಾಡಿ ಕಳಿಸುತ್ತಿದ್ದ ಸಾವಕಾರರು ಯಾರೋ ಹೇಳಿದರೆಂದು ಹಕ್ಕಿ ನೋಡುವವರಿಗೂ ಗಾಡಿ ಕೊಡಲು ಶುರು ಮಾಡಿದರು. ಚಳಿಗಾಲದಲ್ಲಿ ಸಿಂಧನೂರು ಕಡೆಯ ಭತ್ತದ ಗದ್ದೆಗಳು, ನಡುವೆ ಮಸ್ಕಿ ಗುಡ್ಡ, ಬೇಸಿಗೆಯಲ್ಲಿ ಲಿಂಗಸುಗೂರು ತಾಲೂಕಿನ ಕೃಷ್ಣಾ ಹೊಳೆಯ ನಡುಗಡ್ಡೆಗಳು. ನಾನು ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ, ಡಬ್ಬಿ ಕಟ್ಟಿಕೊಂಡು ಗಾಡಿ ಹತ್ತುತ್ತಿದ್ದೆ. ಮಂದಿ ನೋಡುವಾಗ ನಾನೂ ನೋಡುತ್ತಿದ್ದೆ. ಇದ್ದ ಗೈಡ್ ಹುಡುಗ ಒಂದು ದಿನ ಹೇಳದೇ ಕೇಳದೇ ಬಿಟ್ಟುಹೋದಾಗ ಸಾವಕಾರರು "ರಜಿಯಮ್ಮ, ಜಾಗ ನಿನಗ ಗೊತ್ತದಾವ, ಹೆಸರು ಅವ್ರಿಗೆ ಗೊತ್ತಿರ್ತಾವ. ಕರಕೊಂಡು ಹೋಗು" ಅಂದರು. ನನ್ನ ನೇಮಕಾತಿ ಅಂದರೆ ಅಷ್ಟೇ. ಮನೆಯಲ್ಲಿ ಅತ್ತೆಗೆ ಹೇಳಿದರೆ ಆಕೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, "ಚಿಡ್ಯಾ ದಿಖಾಯೇ ತೋ ಪಗಾರ್ ದೇತೇ ಕತೆ?" ಅಂದಳು. ಹಕ್ಕಿ ತೋರಿಸಿದ್ದಕ್ಕೂ ಪಗಾರ ಕೊಡುತ್ತಾರಾ ಅಂತ. ತಾನು ಬದುಕಿರುವತನಕ ಆಕೆ ಅದನ್ನು ನಂಬಲಿಲ್ಲ.

ಮಸ್ಕಿಯದೊಂದು ಹೇಳಿಬಿಡುತ್ತೇನೆ. ಆಗಿನ್ನೂ ಫೋನಿನಲ್ಲಿ ಹಕ್ಕಿ ಕೂಗು ಹಚ್ಚಿ ಹಕ್ಕಿ ಕರೆಯುವ ಪದ್ಧತಿ ಹೊಸದು. ಅದಕ್ಕೆ ಮೊದಲು ನಾವು ಒಂದು ಬಂಡೆ ಆರಿಸಿಕೊಂಡು ಸುಮ್ಮನೆ ಕೂಡುತ್ತಿದ್ದೆವು. ಬಂದರೆ ಬಂತು, ಇಲ್ಲದಿದ್ದರೆ ರೊಟ್ಟಿ ತಿಂದು ಬಂದೆವು. ಈ ಸಲ ಬಂದವರು ಡಬ್ಬಿಯಂಥ ಸ್ಪೀಕರ್ ತಂದಿದ್ದರು. ಇಳಿಹೊತ್ತಿನಲ್ಲಿ ಗುಡ್ಡದ ಬುಡದಲ್ಲಿಟ್ಟು ಗೂಬೆ ಕೂಗು ಹಚ್ಚಿದರು. ಒಂದಲ್ಲ, ಎರಡಲ್ಲ, ನಿಲ್ಲಿಸಲೇ ಇಲ್ಲ. ಮೇಲಿನ ಬಂಡೆಯಿಂದ ನಿಜವಾದ ಗೂಬೆ ಇಳಿದು ಬಂದು, ತನ್ನ ಜಾಗಕ್ಕೆ ಬಂದ ವೈರಿ ಎಲ್ಲಿದ್ದಾನೆ ಅಂತ ಸ್ಪೀಕರಿನ ಸುತ್ತ ಹುಚ್ಚು ಹಿಡಿದ ಹಾಗೆ ಹಾರಾಡಿತು. ಅವರು ಫೋಟೋ ಹೊಡೆದದ್ದೇ ಹೊಡೆದದ್ದು. ಅಷ್ಟರಲ್ಲಿ ಕೆಳಗಿನ ಓಣಿಯ ಒಬ್ಬ ಮುದುಕಿ ಕೋಲು ಹಿಡಿದು ಏರಿ ಬಂದಳು.

"ಯಾರ ಮನಿ ಮುರೀಬೇಕಂತ ಮಾಡೀರಿ? ಆವಾಗಿಂದ ಗೂಬಿ ಕೂಗಾಕತ್ತೈತಿ."

"ಅದು ಖರೇ ಗೂಬಿ ಅಲ್ಲಬೇ ಯವ್ವಾ, ಫೋನಿನ್ಯಾಗಿಂದು" ಅಂದೆ.

"ಅಂದ್ರ ತಾನಾಗೇ ಕೂಗಿಲ್ಲ, ನೀವು ರೊಕ್ಕ ಕೊಟ್ಟು ಕೂಗಿಸೀರಿ. ಅದು ಇನ್ನಾ ಕೆಟ್ಟಲ್ಲೇನು?"

ಆ ಮುದುಕಿ ಹೆದರಿದ್ದು ತನ್ನ ಮನೆಗೆ. ನಾನು ದಂಗಾದದ್ದು ಆ ಗೂಬೆಯನ್ನು ನೋಡಿ. ಸ್ಪೀಕರ್ ಬಂದ್ ಮಾಡಿದ ಮೇಲೂ ಅದು ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಇಲ್ಲದ ವೈರಿಗೆ ಕಾಯುತ್ತಿತ್ತು. ಅಂದಿನಿಂದ ನನ್ನ ಜೊತೆ ಬರುವವರು ಕೂಗು ಹಚ್ಚುವಂತಿಲ್ಲ ಅಂತ ಹೇಳಿದೆ. ಸಾವಕಾರರು "ಬಂದ ಗಿರಾಕಿಗೆ ನೀ ಷರತ್ತು ಹಾಕ್ತೀಯೇನು?" ಅಂತ ಬೈದರು. ಆದರೆ ಬಿಡಿಸಲಿಲ್ಲ, ಯಾಕೆಂದರೆ ರೊಟ್ಟಿ ಮಾಡುವವರು ಮತ್ತೆ ಸಿಗಬೇಕಲ್ಲ.

ಇಷ್ಟೆಲ್ಲ ಕಂಡ ಮೇಲೆ ಗೂಡು ಕಾಯುವುದರಲ್ಲಿ ನಮಗೆ ಯಾರೂ ಹೇಳಿಕೊಡಬೇಕಿಲ್ಲ ಅಂತ ನಾನೂ ನನ್ನ ಜೊತೆಯ ಯಂಕಪ್ಪನೂ ತಿಳಿದಿದ್ದೆವು.

ಯಂಕಪ್ಪ ಅಂಬಿಗರವನು. ಹೊಳೆ ದಂಡೆಯ ಹಳ್ಳಿಯಲ್ಲಿ ಮೀನು ಹಿಡಿಯುತ್ತಿದ್ದ, ಬೇಸಿಗೆಯಲ್ಲಿ ನಮ್ಮ ಮಂದಿಯನ್ನು ಹರಗೋಲಿನಲ್ಲಿ ನಡುಗಡ್ಡೆಗೆ ಕರೆದೊಯ್ಯುತ್ತಿದ್ದ. ಹೊಳೆ ಇಳಿದು ಬಂಡೆ, ಉಸುಕು ಮೇಲೆದ್ದಾಗ ಆ ನಡುಗಡ್ಡೆಯ ಮೇಲೆ ನದಿ ರೀವ ಹಕ್ಕಿಗಳು ತತ್ತಿ ಇಡುತ್ತವೆ. ಹಳದಿ ಕೊಕ್ಕು, ತಲೆಗೆ ಕರಿ ಟೊಪ್ಪಿಗೆ, ಕವಲು ಬಾಲ. ಗೂಡು ಅಂತ ಏನೂ ಇಲ್ಲ. ಉಸುಕಿನಲ್ಲಿ ಎದೆಯಿಂದ ಒತ್ತಿದ ಸಣ್ಣ ತಗ್ಗು, ಅದರಲ್ಲಿ ಹರಳಿನ ಬಣ್ಣದ ಎರಡೋ ಮೂರೋ ತತ್ತಿ. ಎದುರಿಗಿದ್ದರೂ ಕಾಣುವುದಿಲ್ಲ. ನಮ್ಮ ಟ್ರಾವೆಲ್ಸಿಗೆ ಬೇಸಿಗೆಯಲ್ಲಿ ಮಂದಿ ಬರುತ್ತಿದ್ದದ್ದೇ ಇವಕ್ಕಾಗಿ. ಯಂಕಪ್ಪನ ಬೇಸಿಗೆಯ ಅನ್ನವೂ ಇವುಗಳಿಂದಲೇ.

ಕಾಣುವುದಿಲ್ಲವೆಂಬುದೇ ಫಜೀತಿಯಾಯಿತು. ಒಂದು ಸಲ ಒಬ್ಬ ಹೆಣ್ಣುಮಗಳು ಫೋಟೋಕ್ಕೆ ಎರಡು ಹೆಜ್ಜೆ ಹಿಂದೆ ಸರಿದಳು. ಬೂಟಿನ ಕೆಳಗೆ ಚಟ್ ಅಂತು. ಆಕೆ ಕಾಲೆತ್ತಿ ನೋಡಿ ಅಲ್ಲೇ ಕೂತು ಅತ್ತಳು. ಆ ದಿನ ದಂಡೆಗೆ ಬಂದ ಮೇಲೆ ಯಂಕಪ್ಪ ಹುಟ್ಟು ಕೆಳಗಿಟ್ಟು ನನ್ನ ಕಡೆ ತಿರುಗಿದ.

"ರಜಿಯಕ್ಕಾ, ಕಣದಾಗ ರಾಶಿ ಮಾಡಿದ ಮ್ಯಾಲ ಸುತ್ತ ಬೂದಿ ಗೆರಿ ಎಳೀತಾರಲ್ಲ, ಯಾರೂ ದಾಟಬಾರದು, ಕಣ್ಣ ತಾಗಬಾರದು ಅಂತ. ಇವಕ್ಕೂ ಹಂಗ ಎಳದ್ರ ಹೆಂಗ? ಮಂದಿಗೂ ಕಾಣತೈತಿ, ತತ್ತಿಗೂ ಕಾವಲಾಗತೈತಿ."

ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ನಮ್ಮ ಒಲೆಯ ಬೂದಿಯನ್ನೇ ಜರಡಿ ಹಿಡಿದು ತಂದೆ. ಸ್ವಲ್ಪ ಸುಣ್ಣ ಬೆರೆಸಿದೆವು, ಗಾಳಿಗೆ ಹಾರಬಾರದೆಂದು. ಯಂಕಪ್ಪ ಚಪ್ಪಲಿ ದಂಡೆಯಲ್ಲಿ ಬಿಟ್ಟು, ಬಗ್ಗಿ ಬಗ್ಗಿ, ಪ್ರತಿ ತಗ್ಗಿನ ಸುತ್ತ ಮೊಳ ದೂರ ಬಿಟ್ಟು ಗುಂಡಗೆ ಗೆರೆ ಎಳೆದ. ಬಂದವರೆಲ್ಲ ಹೊಗಳಿದರು. ಕರಿ ಬಂಡೆ, ಬಿಳಿ ಗೆರೆ, ನಡುವೆ ತತ್ತಿ. ಆ ಫೋಟೋ ಎಲ್ಲೆಲ್ಲಿಗೋ ಹೋಯಿತು. ಸಾವಕಾರರು ಅದನ್ನೇ ದೊಡ್ಡದು ಮಾಡಿಸಿ ಆಫೀಸಿನ ಗೋಡೆಗೆ ಹಾಕಿದರು.

ಹದಿನೈದು ದಿನವೂ ಆಗಿರಲಿಕ್ಕಿಲ್ಲ. ಒಂದು ಮುಂಜಾನೆ ಇಳಿದು ನೋಡಿದರೆ ಮೂರ್ನಾಲ್ಕು ಗೆರೆಯೊಳಗೆ ತತ್ತಿ ಇಲ್ಲ. ಹಾವಿರಬೇಕು ಅಂದೆ. ಎರಡು ದಿನ ಬಿಟ್ಟು ಹೋದರೆ ಇನ್ನಷ್ಟು ಬರಿದು. ಚಿಪ್ಪಿನ ಚೂರು ಕೂಡ ಇಲ್ಲ, ಎತ್ತಿಕೊಂಡು ಹೋದ ಹಾಗೆ ಸ್ವಚ್ಛ. ಮೇಲೆ ಹಕ್ಕಿಗಳು ಚೀರುತ್ತ ಸುತ್ತು ಹೊಡೆಯುತ್ತಿದ್ದವು. ಅವುಗಳಲ್ಲಿ ಒಂದು ಇಳಿದು ಬಂದು ಬರಿದಾದ ತಗ್ಗಿನ ಮೇಲೆ ಕಾವು ಕೂತಿತು.

ಸಾವಕಾರರಿಗೆ ಹೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

"ಹಾವು ಹೊಳಿ ದಾಟಿ ಬಂದು ಲೈನ್ ಹಚ್ಚಿ ತಿಂತೈತೇನು? ಅಂಬಿಗರವ್ರು ಮೊದಲಿಂದ ಆ ತತ್ತಿ ತಿನ್ನೋ ಮಂದಿ. ಗೆರಿ ಎಳದಾಂವ ಯಾರು? ಎಲ್ಲೆಲ್ಲಿ ಅದಾವಂತ ಅಂವಗಿಂತ ಚಲೋ ಯಾರಿಗೆ ಗೊತ್ತು? ಸೋಮವಾರದಿಂದ ಬ್ಯಾರೆ ಹರಗೋಲ ಹೇಳ್ತೀನಿ."

ನಾನು ಹೊಳೆಗೆ ಹೋಗುವ ಮೊದಲೇ ಈ ಮಾತು ಯಂಕಪ್ಪನ ಕಿವಿಗೆ ಬಿದ್ದಿತ್ತು. ದಂಡೆಯ ಮೇಲೆ ಬಲೆ ಹೊಲಿಯುತ್ತ ಕೂತಿದ್ದವನು ತಲೆ ಎತ್ತಲಿಲ್ಲ.

"ಸಣ್ಣಾಂವ ಇದ್ದಾಗ ತಿಂದೀನಕ್ಕಾ, ಸುಳ್ಳ್ಯಾಕ ಹೇಳ್ಲಿ. ಈಗ ತಿಂದಿಲ್ಲ. ಬ್ಯಾರೆ ಹರಗೋಲ ತರಸಿದ್ರ ತರಸ್ಲಿ, ನಾ ಬ್ಯಾರೆ ಕೂಲಿ ನೋಡ್ಕೊಂತೀನಿ. ಆದ್ರ ಊರಾಗ ಏನಂತಾರ? ಹಕ್ಕಿ ಕಾಯಾಕ ಇಟ್ರ ತತ್ತಿ ನುಂಗಿದಾಂವ ಅಂತಾರ. ನನ್ನ ಮಗಳನ್ನ ಅದ ಊರಾಗ ಕೊಟ್ಟೀನಿ."

ನಾನು ಇಲ್ಲ ಅನ್ನಬೇಕಿತ್ತು. ಅನ್ನುವ ಮೊದಲು ಒಂದು ಉಸಿರು ತಡವಾಯಿತು. ಆ ತಡ ಅವನಿಗೆ ತಿಳಿಯಿತು. ಬಲೆಯ ಸೂಜಿ ಅಲ್ಲೇ ನಿಂತಿತು.

ಸೋಮವಾರ ಬರುವ ಮೊದಲೇ ಗ್ಲೆಂಡಾ ಬಂದಳು. ವೆಸ್ಟ್ ಇಂಡೀಸಿನ ಒಂದು ಸಣ್ಣ ದ್ವೀಪದವಳು. ನನ್ನ ವಯಸ್ಸಿನ ಆಸುಪಾಸು, ಎತ್ತರದ ಕಪ್ಪು ಹೆಣ್ಣುಮಗಳು, ತಲೆಗೆ ಹೂವಿನ ಬಟ್ಟೆ ಕಟ್ಟಿದ್ದಳು. ಅಲ್ಲಿ ಆಕೆಯ ಕೆಲಸವೂ ನನ್ನದೇ: ದೂರದಿಂದ ಬಂದವರಿಗೆ ಕಾಡು ತೋರಿಸುವುದು, ದೋಣಿಯಲ್ಲಿ ಕಡಲ ನಡುಗಡ್ಡೆಗಳಿಗೆ ಕರೆದೊಯ್ದು ಹಕ್ಕಿ ತೋರಿಸುವುದು. ಹೈದರಾಬಾದಿಗೆ ಯಾವುದೋ ಸಭೆಗೆ ಬಂದವಳು ನಮ್ಮ ಬೂದಿ ಗೆರೆಯ ಫೋಟೋ ನೋಡಿ, ಅದನ್ನು ಕಣ್ಣಾರೆ ನೋಡಬೇಕೆಂದು ಬಂದಿದ್ದಳು. ಮಂದಿಯೊಡನೆ ಓಡಾಡಿ ನಾನು ಕಲಿತಿದ್ದ ಹರಕು ಮುರುಕು ಇಂಗ್ಲಿಷು ಆಕೆಗೆ ಸಾಕಾಯಿತು. ಆಕೆ ಅಂದದ್ದನ್ನು ಇಲ್ಲಿ ನನ್ನ ಮಾತಿನಲ್ಲೇ ಬರೆಯುತ್ತಿದ್ದೇನೆ.

ಯಂಕಪ್ಪನಿಗೆ ವೆಸ್ಟ್ ಇಂಡೀಸ್ ಅಂದರೆ ಒಂದೇ ಗೊತ್ತು. "ಕೇಳಕ್ಕಾ, ಈಕಿನೂ ಬೌಲಿಂಗ್ ಮಾಡ್ತಾಳೇನು?"

ನಾನು ಕೇಳಿದೆ. ಆಕೆ ನಕ್ಕಳು. "ತಮ್ಮ ಮಾಡುತ್ತಾನೆ. ಆದರೆ ಅವನ ಚೆಂಡು ತೆಂಗಿನ ತೋಟಕ್ಕೇ ಹೋಗುತ್ತದೆ."

ಹರಗೋಲಿನಲ್ಲಿ ಕೂತಾಗ ಮುಚ್ಚಿಡುವುದು ಸರಿಯಲ್ಲ ಅನ್ನಿಸಿ ತತ್ತಿ ಹೋಗುತ್ತಿರುವುದನ್ನೂ ಸಾವಕಾರರ ಅನುಮಾನವನ್ನೂ ಆಕೆಗೆ ಹೇಳಿದೆ. ಆಕೆ ಯಂಕಪ್ಪನ ಕಡೆ ತಿರುಗಿ, ತನ್ನ ಅಜ್ಜಿಯೂ ಬುಟ್ಟಿ ತುಂಬ ಕಡಲ ಹಕ್ಕಿಯ ತತ್ತಿ ತಂದು ಮೆಣಸಿನಕಾಯಿ ಹಾಕಿ ಬೇಯಿಸುತ್ತಿದ್ದಳು, ತಾನೂ ಬೆರಳು ನೆಕ್ಕಿ ತಿಂದಿದ್ದೇನೆ ಅಂದಳು. ನಾನು ಕನ್ನಡದಲ್ಲಿ ಹೇಳಿದೆ.

"ಹಂಗಾರ ಸಾವಕಾರ್ರ ಮುಂದ ಹೇಳಬ್ಯಾಡಂತ ಹೇಳು. ಈಕಿನ್ನೂ ಹರಗೋಲಿನಿಂದ ಇಳಿಸಿಬಿಡ್ತಾರ" ಅಂದ ಯಂಕಪ್ಪ. ಎಷ್ಟೋ ದಿನದ ಮೇಲೆ ಅವನ ಬಾಯಲ್ಲಿ ನಗು ಬಂದಿತ್ತು.

ನಡುಗಡ್ಡೆ ಹತ್ತಿರವಾಯಿತು. ಗ್ಲೆಂಡಾ ಇಳಿಯಲು ಒಪ್ಪಲಿಲ್ಲ. ತಮ್ಮಲ್ಲಿ ಯಾರೂ ಇಳಿಯುವುದಿಲ್ಲ, ದೋಣಿಯನ್ನು ಕಲ್ಲಿಗೆ ಕಟ್ಟಿ ಒಳಗೇ ಅಡಗಿ ಕೂಡುತ್ತೇವೆ ಅಂದಳು. ಸರಿ, ಹಾಗೇ ಮಾಡೋಣ ಅಂತ ಹರಗೋಲನ್ನು ಸ್ವಲ್ಪ ದೂರದ ಬಂಡೆಗೆ ಕಟ್ಟಿ, ಮೂವರೂ ಒದ್ದೆ ಗೋಣಿ ಹೊದ್ದು ಕುಕ್ಕರಗಾಲಲ್ಲಿ ಕೂತೆವು. ಕಾಲು ಜೋಮು ಹಿಡಿಯಿತು. ಮೀನಿನ ವಾಸನೆ, ಬೆವರು. ಹಕ್ಕಿಗಳು ನಿಧಾನಕ್ಕೆ ಇಳಿದು ತತ್ತಿಯ ಮೇಲೆ ಕೂತವು.

ಆಚೆ ದಂಡೆಯ ಕಡೆಯಿಂದ ಎರಡು ಕಾಗೆ ಬಂದವು. ಒಂದು ಹಕ್ಕಿಗಳ ನಡುವೆಯೇ ನುಗ್ಗಿ ಕಾವ್ ಕಾವ್ ಅಂತ ಗಲಾಟೆ ಎಬ್ಬಿಸಿತು. ಹಕ್ಕಿಗಳೆಲ್ಲ ಎದ್ದು ಅದರ ಬೆನ್ನು ಹತ್ತಿದವು. ಇನ್ನೊಂದು ಕಾಗೆ ಸದ್ದಿಲ್ಲದೆ ಕೆಳಗಿಳಿಯಿತು. ಅದು ಆಕಡೆ ಈಕಡೆ ಹುಡುಕಲಿಲ್ಲ. ನೆಟ್ಟಗೆ ಒಂದು ಬಿಳಿ ಗೆರೆಯೊಳಗೆ ಕಾಲಿಟ್ಟು ತತ್ತಿ ಎತ್ತಿ ಹಾರಿತು. ತಿರುಗಿ ಬಂತು. ಮುಂದಿನ ಗೆರೆಗೆ ನಡೆಯಿತು. ಅದು ಬರಿದು, ಅದರ ಮುಂದಿನದಕ್ಕೆ ನಡೆಯಿತು. ಕರೆಂಟ್ ಬಿಲ್ ಕೊಡಲು ಬಂದವನು ಓಣಿಯಲ್ಲಿ ಒಂದೂ ಬಾಗಿಲು ಬಿಡದೆ ಹೋಗುತ್ತಾನಲ್ಲ, ಹಾಗೆ.

ಬಂಡೆಯ ಮರೆಯಲ್ಲಿ ಬೂದಿ ಸಾಲದೆ ಬಿಟ್ಟಿದ್ದ ಒಂದು ತಗ್ಗಿತ್ತು, ಗೆರೆ ಇಲ್ಲದ್ದು. ಅದರಲ್ಲಿ ಮೂರು ತತ್ತಿ ಇದ್ದದ್ದು ದುರ್ಬೀನಿನಲ್ಲಿ ನನಗೆ ಕಾಣುತ್ತಿತ್ತು. ಕಾಗೆ ಅದರ ಪಕ್ಕದಲ್ಲೇ ನಡೆದು ಹೋಯಿತು, ತಿರುಗಿ ಕೂಡ ನೋಡಲಿಲ್ಲ.

ನಾನು ಬಾಯಿ ಮೇಲೆ ಸೆರಗು ಒತ್ತಿಕೊಂಡೆ. ಗೂಡಿನ ಮರೆ ಕತ್ತರಿಸಿದ ಆ ದೊಡ್ಡ ಮನುಷ್ಯರನ್ನು ಎಷ್ಟು ವರ್ಷ ಬೈದುಕೊಂಡಿದ್ದೆ. ನಾವು ಇಲ್ಲಿ ಮನೆ ಮನೆಗೂ ನಂಬರ್ ಬರೆದುಕೊಟ್ಟಿದ್ದೆವು. ನನ್ನ ಒಲೆಯ ಬೂದಿ, ಜರಡಿ ಹಿಡಿದದ್ದು.

ಯಂಕಪ್ಪನ ಕಡೆ ತಿರುಗಲು ಧೈರ್ಯ ಬರಲಿಲ್ಲ. ಕಳ್ಳ ಅವನಲ್ಲ ಅಂತ ಎದುರಿಗೇ ಸಾಬೀತಾಗಿತ್ತು. ಅವನು ಉಸಿರು ಬಿಡುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಗೋಣಿಯ ಬಣ್ಣಕ್ಕೆ ತಿರುಗಿತ್ತು.

"ರಾಶಿಗೆ ಎಳದ ಗೆರಿ ಅಕ್ಕಾ" ಅಂದ. "ರಾಶಿಗೆ ಎಳದಂಗ ಎಳದಿದ್ದೆ."

ಗ್ಲೆಂಡಾ ಅವನ ಭುಜದ ಮೇಲೆ ಕೈ ಇಟ್ಟಳು. ತಮ್ಮ ದ್ವೀಪದಲ್ಲಿ ಒಮ್ಮೆ ಆಡು ತುಳಿಯಬಾರದೆಂದು ಗೂಡಿನ ಪಕ್ಕ ಕೆಂಪು ಬಟ್ಟೆ ಕಟ್ಟಿದ ಕೋಲು ನೆಟ್ಟಿದ್ದರಂತೆ, ನೆಟ್ಟವನು ಆಕೆಯ ಗಂಡ. ಕಳ್ಳ ಹಕ್ಕಿಗಳು ಆ ಕೆಂಪು ಗುರುತು ಹಿಡಿದೇ ಬಂದು ತತ್ತಿ ಎತ್ತಿದ್ದವಂತೆ. ಹೈದರಾಬಾದಿನಲ್ಲಿ ನಮ್ಮ ಫೋಟೋ ನೋಡಿದಾಗಲೇ ಆ ಕೋಲು ನೆನಪಾಗಿತ್ತು, ಹೇಗೆ ಹೇಳಲಿ ಅಂತ ತಿಳಿಯದೆ ಬಂದೆ ಅಂದಳು.

ಗೆರೆ ಒರೆಸಿ ಬಿಡೋಣ ಅಂದೆ ನಾನು.

"ಒರಸಿದ್ರ ಕಾಗಿ ಮರೀತೈತೇನು? ಅದಕ್ಕ ರೂಢಿ ಬಿದ್ದೈತಿ. ಇನ್ನ ಹುಡುಕಾಕ ಚಾಲೂ ಮಾಡತೈತಿ." ಯಂಕಪ್ಪ ಗೋಣಿ ಸರಿಸಿ ನೆಟ್ಟಗೆ ಕೂತ. "ಒಂದ ಕೆಲಸ ಮಾಡೋಣು. ಇನ್ನೂ ಗೆರಿ ಎಳಿಯೋಣು. ತತ್ತಿ ಇಲ್ಲದಲ್ಲಿ. ಇಡೀ ನಡುಗಡ್ಡಿ ತುಂಬ. ಬರಲಿ ಮಗಂದು, ತಿರುಗಿ ತಿರುಗಿ ಕಾಲ ನೋಯಿಸ್ಕೊಳ್ಳಲಿ."

ಗ್ಲೆಂಡಾಗೆ ಹೇಳಿದರೆ ಆಕೆ ಹರಗೋಲು ಅಲುಗಾಡುವಂತೆ ನಕ್ಕಳು. ಸಂಜೆ ತಂಪಿನಲ್ಲಿ ಒಂದೇ ಒಂದು ಸಲ ಇಳಿದು, ತತ್ತಿ ಇದ್ದ ಕಡೆಯ ಗೆರೆಗಳಿಗೆ ಉಸುಕು ಎಳೆದು, ಬರೀ ಬಂಡೆಯ ಮೇಲೆ ಸಿಕ್ಕಸಿಕ್ಕಲ್ಲಿ ಗೆರೆ ಎಳೆದು ಓಡಿ ಬಂದೆವು. ವೆಸ್ಟ್ ಇಂಡೀಸಿನ ಹೆಣ್ಣುಮಗಳು ಕಾಲಿಗೆ ಬೂದಿ ಮೆತ್ತಿಕೊಂಡು ನಮ್ಮ ಮನೆಯಲ್ಲಿ ಕೂತು ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಮರುದಿನ ಆಕೆಯ ರೈಲು.

ಆಮೇಲೆ ದಂಡೆಯಿಂದ ದುರ್ಬೀನಿನಲ್ಲಿ ನೋಡುವುದೇ ನಮ್ಮ ಕೆಲಸವಾಯಿತು. ಕಾಗೆ ಬಂತು. ಬರಿದು ಗೆರೆಯೊಳಗೆ ಕಾಲಿಟ್ಟು, ಕತ್ತು ಸೊಟ್ಟ ಮಾಡಿ ನೋಡಿ, ಮುಂದಿನದಕ್ಕೆ ಹೋಯಿತು. ಇಡೀ ಮುಂಜಾನೆ ಹೀಗೇ ನಡೆಯಿತು. ಕೆಲವು ದಿನ ಬಂತು, ಆಮೇಲೆ ಕಡಿಮೆ ಮಾಡಿತು, ಆಮೇಲೆ ಹೊಳೆ ದಂಡೆಯ ಮೀನಿನ ಕಸಕ್ಕೇ ಹೊಂದಿಕೊಂಡಿತು. ತತ್ತಿ ಕಳಕೊಂಡ ಹಕ್ಕಿಗಳಲ್ಲಿ ಕೆಲವು ಮತ್ತೆ ತಗ್ಗು ಒತ್ತಿದವು. ಎಲ್ಲವೂ ಅಲ್ಲ. ಹೋದವು ಹೋದವೇ.

ಸಾವಕಾರರಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅವರು ಗೋಡೆಯ ಮೇಲಿನ ಫೋಟೋ ಕಡೆ ನೋಡಿದರು, ನನ್ನ ಕಡೆ ನೋಡಿದರು. ಕೈಯಲ್ಲಿದ್ದ ಚಹಾ ಆರಿತು. "ಕಾಗಿ?" ಅಂದರು. ಇನ್ನೊಮ್ಮೆ "ಕಾಗಿ?" ಅಂದರು. ಬೇರೆ ಹರಗೋಲಿನ ಮಾತು ಮತ್ತೆ ಬರಲಿಲ್ಲ. ಯಂಕಪ್ಪನಿಗೆ ತಪ್ಪಾಯಿತು ಅಂತ ಹೇಳುವ ಮನುಷ್ಯರಲ್ಲ ಅವರು. ಹೊಳೆಗೆ ತಾವೇ ಗಾಡಿ ತಗೊಂಡು ಬಂದು, "ಏ ಯಂಕಪ್ಪ, ನಡಿ, ನನಗೂ ತೋರಸು. ಮರಿ ಆಗ್ಯಾವಂತಲ್ಲ" ಅಂದರು.

ಮೂವರೂ ಹೊರಟೆವು. ನಡುಗಡ್ಡೆಗೆ ಒಂದು ಕಲ್ಲೆಸೆತದ ದೂರವಿರುವಾಗ ಯಂಕಪ್ಪ ಹುಟ್ಟು ನೀರಿನಿಂದ ಎತ್ತಿ ಮೊಳಕಾಲ ಮೇಲೆ ಇಟ್ಟುಕೊಂಡ. ಹರಗೋಲು ನಿಂತಲ್ಲೇ ಮೆಲ್ಲಗೆ ತಿರುಗತೊಡಗಿತು.

"ಯಾಕಲೇ ನಿಂತಿ? ದಂಡಿಗೆ ಹಚ್ಚು."

"ಇಲ್ಲಿಂದನ ನೋಡ್ರಿ ಸಾವಕಾರ."

"ಇಲ್ಲಿಂದ ಏನ್ ಕಾಣತೈತಿ? ಒಂದು ಐದು ನಿಮಿಷ ಇಳದು ನೋಡಿ ಬರ್ತೀನಿ. ನಾ ಏನ್ ತತ್ತಿ ತುಳಿತೀನೇನು?"

"ಇಳೀಬೇಕಂದ್ರ ಈಸ್ಕೊಂತ ಹೋಗ್ರಿ. ಹರಗೋಲ ಹೋಗಂಗಿಲ್ಲ."

ಸಾವಕಾರರಿಗೆ ಈಜು ಬರುವುದಿಲ್ಲ. ಅದು ಮೂವರಿಗೂ ಗೊತ್ತು. ಅವರ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿದರು, ನೀನಾದರೂ ಹೇಳು ಅನ್ನುವ ಹಾಗೆ. ಈ ಸಲ ನಾನು ಉಸಿರು ತಡ ಮಾಡಲಿಲ್ಲ. "ಅಂವ ಹೇಳೋದು ಖರೇ ಐತ್ರೀ" ಅಂದೆ.

ಹರಗೋಲು ಇನ್ನೊಂದು ಸುತ್ತು ಬಂತು. ಯಂಕಪ್ಪ ದನಿ ಇಳಿಸಿ, "ಕಾಯಾಕ ಹೋಗಿನ ಕಳದ್ವಿ ಸಾವಕಾರ. ಇನ್ನ ಅವು ಎಲ್ಲದಾವಂತ ನನಗೂ ಗೊತ್ತಿರೋದು ಬ್ಯಾಡ" ಅಂದ.

ಸಾವಕಾರರು ನನ್ನ ಮುಂದೆ ಕೈ ಚಾಚಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನಿಂದ ದುರ್ಬೀನು ಇಸ್ಕೊಂಡು, ಉಲ್ಟಾ ಹಿಡಿದು, ಮತ್ತೆ ಸರಿ ಮಾಡಿ ಕಣ್ಣಿಗಿಟ್ಟುಕೊಂಡರು. ಬಹಳ ಹೊತ್ತು ನೋಡಿದರು.

"ಉಸುಕು ನಡದಾಡಾಕತ್ತೈತಲ್ಲ" ಅಂದರು.

"ಅವ ಮರಿ" ಅಂದ ಯಂಕಪ್ಪ, ಹುಟ್ಟು ಇನ್ನೂ ಮೊಳಕಾಲ ಮೇಲೇ ಇತ್ತು.